ಗುರು–ಲಘು ಬಲ್ಲವರಿಗೆ ನಾಣ್ಯದ ಲೆಕ್ಕ

ಶ್ರೀನಿವಾಸಪುರದ ಕಡೆ ನನ್ನ ಸೋದರಮಾವನ ಮಾವಿನ ತೋಪಿದೆ. ಒಂದು ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಬೋರ್‌ವೆಲ್ ಲಾರಿ ನಿಂತಿತ್ತು. ಅಷ್ಟರಲ್ಲಿ ಎರಡು ಕಡೆ ಕೊರೆಸಿ ಆಗಿತ್ತು. ಎರಡರಲ್ಲೂ ಸಾವಿರ ಅಡಿ ದಾಟಿದರೂ ಮೇಲೆ ಬಂದದ್ದು ಬಿಳಿ ಧೂಳು ಮಾತ್ರ. ಆ ಧೂಳು ಮಾವಿನ ಎಲೆಗಳ ಮೇಲೆ ಜರಡಿ ಹಿಡಿದ ಹಿಟ್ಟಿನಂತೆ ಕುಳಿತಿತ್ತು. ಮಾವ ಮೂರನೆಯ ಪಾಯಿಂಟ್‌ನಲ್ಲಿ ಕಲ್ಲು ನೆಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. “ಮೂರು ಕೊರೆಸಿದರೆ ಒಂದರಲ್ಲಿ ನೀರು ಅನ್ನುವುದು ನಮ್ಮ ಕಡೆಯ ಲೆಕ್ಕ ಕಣಪ್ಪ. ಎರಡು ಕೈಕೊಟ್ಟಿವೆ. ಇನ್ನು ಇದರಲ್ಲಿ ಬಂದೇ ಬರಬೇಕು” ಎಂದರು.

ನಾನು ಹತ್ತನೆಯ ತರಗತಿಗೆ ಗಣಿತ ಹೇಳಿಕೊಡುವವನು. ಮರುವಾರ ತರಗತಿಯಲ್ಲಿ ನಾಣ್ಯ ಚಿಮ್ಮಿ ತೋರಿಸುತ್ತಿದ್ದೆ. ಸತತ ನಾಲ್ಕು ಸಲ ಶಿರ ಬಿತ್ತು. ಐದನೆಯದಕ್ಕೆ ಏನು ಬೀಳಬಹುದು ಎಂದು ಕೇಳಿದ್ದೇ ತಡ, ಇಡೀ ತರಗತಿ “ಪುಚ್ಛ!” ಎಂದು ಕೂಗಿತು. ಅದು ಮಾವನ ಮಾತೇ ಆಗಿತ್ತು. ಈ ತಪ್ಪಿಗೆ ಪರೀಕ್ಷೆಯಲ್ಲಿ ಎರಡು ಅಂಕ ಹೋಗುತ್ತದೆ. ತೋಪಿನಲ್ಲಿ ಲಕ್ಷಗಟ್ಟಲೆ ಹಣ ಹೋಗುತ್ತದೆ. ಹಾಗಾಗಿ ಈ ಲೆಕ್ಕವನ್ನು ಬುಡದಿಂದ, ಕೈಯಲ್ಲಿ ಪೆನ್ಸಿಲ್ ಹಿಡಿದವರಿಗೆ ಅರ್ಥವಾಗುವಂತೆ ಬರೆಯುತ್ತಿದ್ದೇನೆ.

ಮೊದಲು ಕರಾರು

ನಮ್ಮ ನಾಣ್ಯದಲ್ಲಿ ಸಿಂಹಲಾಂಛನವಿರುವ ಮುಖ ಶಿರ, ಬೆಲೆ ಬರೆದಿರುವ ಮುಖ ಪುಚ್ಛ. ಲೆಕ್ಕಕ್ಕೆ ಮುನ್ನ ಎರಡು ಮಾತನ್ನು ಒಪ್ಪಿಕೊಳ್ಳುತ್ತೇವೆ. ಒಂದು, ಎರಡೂ ಮುಖ ಬೀಳುವ ಸಂಭವ ಸಮ, ತಲಾ 1/2. ಎರಡು, ಒಂದು ಚಿಮ್ಮುವಿಕೆಯ ಫಲಿತ ಇನ್ನೊಂದರ ಮೇಲೆ ಪ್ರಭಾವ ಬೀರುವುದಿಲ್ಲ. ಹಿಂದೆ ಏನು ಬಿತ್ತು ಎಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ. ಎರಡನೆಯ ಮಾತನ್ನು ಓದುವಾಗ ಎಲ್ಲರೂ ತಲೆದೂಗುತ್ತಾರೆ, ಲೆಕ್ಕ ಮಾಡುವಾಗ ಮರೆಯುತ್ತಾರೆ.

ಎಲ್ಲ ಫಲಿತಗಳನ್ನೂ ಬರೆಯಿರಿ

ಸೂತ್ರಕ್ಕೆ ಕೈ ಹಾಕುವ ಮೊದಲು ಏನೇನು ಆಗಬಹುದೋ ಅದನ್ನೆಲ್ಲ ಬರೆದಿಡಬೇಕು. ಪಠ್ಯಪುಸ್ತಕದ ಮಾತಿನಲ್ಲಿ ಇದು ಫಲಿತಗಣ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಶಿರ-ಶಿರ, ಶಿರ-ಪುಚ್ಛ, ಪುಚ್ಛ-ಶಿರ, ಪುಚ್ಛ-ಪುಚ್ಛ: ಒಟ್ಟು 4. ಕನಿಷ್ಠ ಒಂದು ಶಿರ ಬರುವ ಸಂಭವನೀಯತೆ 3/4.

“ಎರಡು ಶಿರ, ಒಂದು ಶಿರ, ಶಿರವೇ ಇಲ್ಲ, ಹೀಗೆ ಮೂರೇ ಅಲ್ಲವೇ ಸಾರ್?” ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಕೇಳಿದವರನ್ನು ನಾನು ಗದರಿಸುವುದಿಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ಅಲ್ಲಿನ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇದೇ ಜಾಗದಲ್ಲಿ ಎಡವಿ, ಉತ್ತರ 2/3 ಎಂದಿದ್ದರು. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತು, ಆದ್ದರಿಂದ ಇರುವುದು ಮೂರೇ ಫಲಿತ ಎಂಬುದು ಅವರ ವಾದ. ಫಲಿತ ಮೂರಾದರೂ ಅವುಗಳ ತೂಕ ಸಮವಲ್ಲ: ಮೊದಲನೆಯದರ ತೂಕ ಅರ್ಧ, ಉಳಿದೆರಡರದು ಕಾಲು ಕಾಲು. ಪಟ್ಟಿಯಲ್ಲಿ ಸಮತೂಕದ ಫಲಿತಗಳನ್ನೇ ಬರೆದರೆ ಈ ಗೊಂದಲ ಹುಟ್ಟುವುದಿಲ್ಲ.

ಮೂರು ಸಲ ಚಿಮ್ಮಿದಾಗ ಏನಾಗುತ್ತದೆ ಎಂಬುದನ್ನು ಕನ್ನಡ ಪೀರಿಯಡ್‌ನಲ್ಲಿ ಛಂದಸ್ಸು ಕಲಿತವರೆಲ್ಲ ಆಗಲೇ ಬಾಯಿಪಾಠ ಮಾಡಿದ್ದಾರೆ! ಶಿರ ಬಂದರೆ ಗುರು (ಎರಡು ಮಾತ್ರೆಯ ಅಕ್ಷರ), ಪುಚ್ಛ ಬಂದರೆ ಲಘು (ಒಂದು ಮಾತ್ರೆಯ ಅಕ್ಷರ) ಎಂದುಕೊಳ್ಳಿ. ಮೂರಕ್ಷರದ ಗಣಗಳು ಎಷ್ಟು? ಎಂಟು. ಮೂರು ಸಲ ಚಿಮ್ಮಿದ ಫಲಿತಗಳೂ 2 × 2 × 2, ಅಂದರೆ ಎಂಟು. ಎರಡೂ ಒಂದೇ ಪಟ್ಟಿ.

ಮೂರೂ ಗುರುವಾದರೆ ಮಗಣ. ಎರಡು ಗುರು, ಒಂದು ಲಘು ಇದ್ದು, ಲಘು ಮೊದಲಿಗಿದ್ದರೆ ಯಗಣ, ನಡುವಿದ್ದರೆ ರಗಣ, ಕೊನೆಗಿದ್ದರೆ ತಗಣ. ಒಂದೇ ಗುರು ಮೊದಲಿಗಿದ್ದರೆ ಭಗಣ, ನಡುವಿದ್ದರೆ ಜಗಣ, ಕೊನೆಗಿದ್ದರೆ ಸಗಣ. ಮೂರೂ ಲಘುವಾದರೆ ನಗಣ. ಎಣಿಸಿ ನೋಡಿ: ಮೂರು ಗುರುವಿನದು 1, ಎರಡು ಗುರುವಿನವು 3, ಒಂದು ಗುರುವಿನವು 3, ಗುರುವಿಲ್ಲದ್ದು 1. ಹಾಗಾದರೆ ಮೂರು ಸಲ ಚಿಮ್ಮಿದಾಗ ಸರಿಯಾಗಿ ಎರಡು ಶಿರ ಬರುವ ಸಂಭವನೀಯತೆ ಯ, ರ, ತ ಈ ಮೂರನ್ನು ಎಂಟರಿಂದ ಭಾಗಿಸಿದಷ್ಟು, 3/8.

‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನೂ ಒಮ್ಮೆ ಗುರು–ಲಘು ಹಾಕಿ ನೋಡಿ. ಮೊದಲಕ್ಷರದಿಂದ ಮೂರು, ಎರಡನೆಯದರಿಂದ ಮೂರು, ಹೀಗೆ ಜಾರುತ್ತಾ ಹೋದರೆ ಎಂಟು ಗಣಗಳೂ ಒಂದೊಂದೇ ಸಲ ಬರುತ್ತವೆ. ಹತ್ತೇ ಅಕ್ಷರದಲ್ಲಿ ಮೂರು ಚಿಮ್ಮುವಿಕೆಯ ಇಡೀ ಫಲಿತಗಣ ಅಡಗಿದೆ. ಇದನ್ನು ಗಣಿತದ ಹಲಗೆಯ ಮೇಲೆ ಬರೆದ ದಿನ ತರಗತಿಯಲ್ಲಿ ನಿದ್ದೆ ಮಾಡುವವರೂ ಎದ್ದು ಕುಳಿತಿದ್ದರು.

ಕ್ರಮ ಬೇಕೇ, ಎಣಿಕೆ ಬೇಕೇ?

ಪ್ರಶ್ನೆ ಓದಿದ ಕೂಡಲೇ ಕೇಳಿಕೊಳ್ಳಬೇಕಾದದ್ದು ಇದನ್ನು. ನಿರ್ದಿಷ್ಟ ಕ್ರಮದಲ್ಲಿ ಬರಬೇಕು ಎಂದಿದ್ದರೆ ಬರೀ ಗುಣಾಕಾರ ಸಾಕು. ಹತ್ತು ಸಲ ಚಿಮ್ಮಿದಾಗ ಹತ್ತೂ ಶಿರವೇ ಬರುವ ಸಂಭವ 1/2 ಅನ್ನು ಹತ್ತು ಸಲ ಗುಣಿಸಿದಷ್ಟು, 1/1024. ಶಿರ, ಪುಚ್ಛ, ಪುಚ್ಛ, ಶಿರ, ಪುಚ್ಛ, ಶಿರ, ಶಿರ, ಪುಚ್ಛ, ಶಿರ, ಪುಚ್ಛ ಎಂಬ ಕ್ರಮವೇ ಬರುವ ಸಂಭವ? ಅದೂ 1/1024. ಎರಡನೆಯದು ‘ಸಹಜ’ವಾಗಿ ಕಾಣುವುದು ನಮ್ಮ ಕಣ್ಣಿಗೆ. ಅಂಥ ಕಲಬೆರಕೆ ಪಟ್ಟಿಗಳು ನೂರಾರು ಇರುವುದರಿಂದ ಅವನ್ನೆಲ್ಲ ಒಂದೇ ಗುಂಪಿಗೆ ಹಾಕಿ ನೋಡುತ್ತೇವೆ.

ಕ್ರಿಕೆಟ್ ನೋಡುವವರಿಗೆ ಇದು ಬೇಗ ಹಿಡಿಸುತ್ತದೆ. 2025ರ ಮಾರ್ಚ್ 9ರಂದು ದುಬೈನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತ ಟಾಸ್ ಸೋತಿತು. 2023ರ ವಿಶ್ವಕಪ್ ಫೈನಲ್‌ನಿಂದ ಎಣಿಸಿದರೆ ಏಕದಿನ ಪಂದ್ಯಗಳಲ್ಲಿ ಅದು ಸತತ 15ನೆಯ ಸೋಲು. ಅದರಲ್ಲಿ 12 ರೋಹಿತ್ ಶರ್ಮಾ ಅವರವು, 3 ನಮ್ಮ ಕೆ.ಎಲ್. ರಾಹುಲ್ ಅವರವು. 2ನ್ನು 15 ಸಲ ಗುಣಿಸಿದರೆ 32,768. ಮರುದಿನ ಹುಡುಗರು “32,768ರಲ್ಲಿ ಒಂದು! ಏನೋ ಮೋಸವಿದೆ ಸಾರ್” ಎಂದು ಬಂದರು. ನಾನು ಹೇಳಿದ್ದು ಇಷ್ಟು: ಇಂದಿನಿಂದ ಮುಂದಿನ 15 ಟಾಸ್‌ಗಳನ್ನು ಭಾರತವೇ ಸೋಲುತ್ತದೆ ಎಂದು ಮೊದಲೇ ಹೇಳಿಟ್ಟಿದ್ದರೆ ಆ ಅಂಕಿ ಸರಿ. ಆದರೆ ನೀವು ನಡೆದ ಮೇಲೆ ಗಮನಿಸಿದಿರಿ. ಕ್ರಿಕೆಟ್ ಆಡುವ ಎಲ್ಲ ದೇಶಗಳು, ಅರ್ಧ ಶತಮಾನದ ಸಾವಿರಾರು ಏಕದಿನ ಪಂದ್ಯಗಳು, ಇವುಗಳ ನಡುವೆ ಎಲ್ಲಾದರೂ ಒಮ್ಮೆ ಇಂಥ ಸರಣಿ ಕಾಣಿಸಿಕೊಳ್ಳುವ ಸಂಭವ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. 16ನೆಯ ಟಾಸ್‌ನ ಸಂಭವ ಎಷ್ಟು ಎಂದರೆ, ಯಾವಾಗಲೂ ಇದ್ದಷ್ಟೇ, ಅರ್ಧ. ಆ ಫೈನಲ್ ಅನ್ನು ಭಾರತ ಗೆದ್ದಿತು ಎಂಬುದು ಬೇರೆ ಮಾತು.

ಎಣಿಕೆಗೆ ಮಹಾವೀರಾಚಾರ್ಯರ ದಾರಿ

ಕ್ರಮ ಬೇಡ, ‘ಹತ್ತರಲ್ಲಿ ಸರಿಯಾಗಿ ಮೂರು ಶಿರ’ ಎಂದು ಕೇಳಿದರೆ? 1024 ಸಾಲು ಬರೆಯುತ್ತಾ ಕೂರಲು ಆಗದು. ಹತ್ತು ಜಾಗಗಳಲ್ಲಿ ಶಿರಕ್ಕೆ ಮೂರು ಜಾಗ ಆರಿಸುವ ಬಗೆಗಳೆಷ್ಟು ಎಂದು ಕಂಡುಕೊಂಡರೆ ಸಾಕು. ಇದಕ್ಕೆ ಸಾಮಾನ್ಯ ನಿಯಮ ಕೊಟ್ಟವರಲ್ಲಿ ಮೊದಲಿಗರು ನಮ್ಮ ನಾಡಿನವರೇ: ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ ಇದ್ದ ಮಹಾವೀರಾಚಾರ್ಯರು. ಅವರ ನಿಯಮವನ್ನು ನಮ್ಮ ಲೆಕ್ಕಕ್ಕೆ ಹೀಗೆ ಹಚ್ಚಬಹುದು. ಮೇಲಿನ ಸಂಖ್ಯೆಯಿಂದ ಇಳಿಯುತ್ತಾ ಮೂರು ಸಂಖ್ಯೆ ಗುಣಿಸಿ: 10 × 9 × 8 = 720. ಒಂದರಿಂದ ಏರುತ್ತಾ ಮೂರು ಸಂಖ್ಯೆ ಗುಣಿಸಿ: 1 × 2 × 3 = 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 120. ಸಂಭವನೀಯತೆ 120/1024, ನೂರಕ್ಕೆ ಸುಮಾರು 11.7.

ಭಾಗಾಕಾರವೂ ಬೇಡ, ಕೂಡಿ ಕಳೆಯುವುದೇ ಸಲೀಸು ಎನ್ನುವವರಿಗೆ ಛಂದಶ್ಶಾಸ್ತ್ರದ ಮೇರು ಪ್ರಸ್ತಾರ ಇದೆ. ಇಷ್ಟು ಅಕ್ಷರದ ಪಾದದಲ್ಲಿ ಇಷ್ಟು ಗುರುಗಳಿರುವ ವೃತ್ತಗಳು, ಅಂದರೆ ಗುರು–ಲಘು ವಿನ್ಯಾಸಗಳು, ಎಷ್ಟು ಎಂದು ಎಣಿಸುವುದಕ್ಕೆ ಲಗಕ್ರಿಯೆ ಎಂದು ಹೆಸರು. ಪ್ರಾಚೀನ ಛಂದಶ್ಶಾಸ್ತ್ರಜ್ಞ ಪಿಂಗಳನ ಸೂತ್ರಗಳಿಗೆ 10ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಅದನ್ನು ಮೇರು ಪರ್ವತದ ಆಕಾರದಲ್ಲಿ ವಿವರಿಸಿದ್ದಾನೆ. ತುದಿಯಲ್ಲಿ 1. ಪ್ರತಿ ಸಾಲಿನ ಎರಡು ಅಂಚಿನಲ್ಲೂ 1. ನಡುವಿನ ಪ್ರತಿ ಸಂಖ್ಯೆ ಅದರ ಮೇಲಿರುವ ಎರಡರ ಮೊತ್ತ:

1
1 1
1 2 1
1 3 3 1
1 4 6 4 1
1 5 10 10 5 1

ನಮ್ಮ ಎಂಟು ಗಣಗಳ 1, 3, 3, 1 ನಾಲ್ಕನೆಯ ಸಾಲಿನಲ್ಲಿದೆ. ಇದನ್ನೇ ಹತ್ತು ಚಿಮ್ಮುವಿಕೆಯವರೆಗೆ ಬೆಳೆಸಿದರೆ 1, 10, 45, 120, 210, 252, 210, 120, 45, 10, 1. ಕೂಡಿದರೆ 1024. ಹೀಗೆ ಕೂಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಸಾಲಿನಲ್ಲಿ ನಡುವಿನ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡಿ. ಹತ್ತರಲ್ಲಿ ಸರಿಯಾಗಿ ಐದು ಶಿರ ಬರುವ ಸಂಭವ 252/1024, ನೂರಕ್ಕೆ 25ಕ್ಕೂ ಕಡಿಮೆ. ನೂರು ಸಲ ಚಿಮ್ಮಿ ಸರಿಯಾಗಿ ಐವತ್ತು ಬರುವ ಸಂಭವ ನೂರಕ್ಕೆ 8 ಮಾತ್ರ. ‘ಅರ್ಧ ಅರ್ಧ’ ಎಂಬ ಮಾತಿಗೆ ಸರಿಯಾಗಿ ಅರ್ಧ ಬಿದ್ದೇ ತೀರುತ್ತದೆ ಎಂಬ ಅರ್ಥವಿಲ್ಲ. ಆದರೆ ನೂರರಲ್ಲಿ 40ರಿಂದ 60ರ ಒಳಗೆ ಶಿರ ಬರುವ ಸಂಭವ ನೂರಕ್ಕೆ 96ಕ್ಕಿಂತ ಹೆಚ್ಚು.

‘ಕನಿಷ್ಠ’ ಎಂದಿದ್ದರೆ ತಿರುಗಿಸಿ

‘ಕನಿಷ್ಠ ಒಂದು’ ಎಂಬ ಪದ ಕಂಡರೆ ಒಂದೊಂದಾಗಿ ಕೂಡಲು ಹೋಗಬೇಡಿ. ‘ಒಂದೂ ಇಲ್ಲ’ ಎಂಬುದರ ಸಂಭವ ಕಂಡುಹಿಡಿದು 1ರಿಂದ ಕಳೆಯಿರಿ. ಐದು ಸಲದಲ್ಲಿ ಕನಿಷ್ಠ ಒಂದು ಶಿರ: 1 − 1/32 = 31/32. ಇಷ್ಟೇ.

‘ಸತತ’ ಎಂದಿದ್ದರೆ

ಇದು ಎಲ್ಲಕ್ಕಿಂತ ಸೊಗಸಾದ ಭಾಗ, ಪಠ್ಯದಲ್ಲಿ ಇಲ್ಲದ ಭಾಗವೂ ಹೌದು. ಹತ್ತು ಸಲ ಚಿಮ್ಮಿದಾಗ ಎಲ್ಲಾದರೂ ಸತತ ಮೂರು ಶಿರ ಬರುವ ಸಂಭವ ಎಷ್ಟಿರಬಹುದು? ಮುಂದೆ ಓದುವ ಮೊದಲು ಒಂದು ಅಂದಾಜು ಬರೆದಿಟ್ಟುಕೊಳ್ಳಿ.

ಇಲ್ಲೂ ತಿರುಗಿಸಿಯೇ ನೋಡೋಣ. ಎಲ್ಲೂ ಸತತ ಮೂರು ಶಿರ ಇಲ್ಲದ ಪಟ್ಟಿಗಳನ್ನು ಎಣಿಸೋಣ. ಅಂಥ ಪಟ್ಟಿಯ ಬಾಲ ಮೂರೇ ಬಗೆ: ಪುಚ್ಛ, ಪುಚ್ಛ-ಶಿರ, ಪುಚ್ಛ-ಶಿರ-ಶಿರ. ಬಾಲ ಕತ್ತರಿಸಿದರೆ ಉಳಿಯುವುದು ಒಂದು, ಎರಡು ಅಥವಾ ಮೂರು ಕಡಿಮೆ ಉದ್ದದ, ಅದೇ ಜಾತಿಯ ಪಟ್ಟಿ. ಆದ್ದರಿಂದ ಪ್ರತಿ ಸಂಖ್ಯೆ ಅದರ ಹಿಂದಿನ ಮೂರರ ಮೊತ್ತ. ಒಂದು ಚಿಮ್ಮುವಿಕೆಗೆ 2, ಎರಡಕ್ಕೆ 4, ಮೂರಕ್ಕೆ 7 (ಎಂಟರಲ್ಲಿ ಮಗಣ ಒಂದನ್ನು ಬಿಟ್ಟು). ಮುಂದೆ 13, 24, 44, 81, 149, 274, 504. ಹತ್ತಕ್ಕೆ 504. ಹಾಗಾದರೆ ಸತತ ಮೂರು ಶಿರ ಇರುವ ಪಟ್ಟಿಗಳು 1024 − 504 = 520. ಅರ್ಧಕ್ಕಿಂತ ಹೆಚ್ಚು! ನಾನು ಕೇಳಿದವರಲ್ಲಿ ಹೆಚ್ಚಿನವರು ನೂರಕ್ಕೆ ಹತ್ತೋ ಹದಿನೈದೋ ಎಂದಿದ್ದರು.

ಸತತ ಎರಡು ಶಿರ ಇಲ್ಲದವನ್ನು ಎಣಿಸಲು ಹಿಂದಿನ ಎರಡನ್ನು ಕೂಡಿದರೆ ಆಯಿತು: 2, 3, 5, 8, 13, 21. ಮಾತ್ರಾಗಣ ಬಲ್ಲವರಿಗೆ ಇದೂ ಹಳೆಯ ಪರಿಚಯ. ಎರಡು ಮಾತ್ರೆಗೆ 2 ವಿನ್ಯಾಸ (ಒಂದು ಗುರು ಅಥವಾ ಎರಡು ಲಘು), ಮೂರು ಮಾತ್ರೆಗೆ 3, ಕಂದಪದ್ಯದ ನಾಲ್ಕು ಮಾತ್ರೆಯ ಗಣಕ್ಕೆ 5. ಯುರೋಪಿನಲ್ಲಿ ಫಿಬೊನಾಚಿ 1202ರಲ್ಲಿ ಈ ಸರಣಿಯನ್ನು ಬರೆಯುವುದಕ್ಕೂ ಮೊದಲೇ, 12ನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯ ಮಾತ್ರೆ ಎಣಿಸುತ್ತಲೇ ಇದನ್ನು ಹೇಳಿದ್ದ.

ಇದನ್ನು ತರಗತಿಯಲ್ಲಿ ಹೀಗೆ ಪರೀಕ್ಷಿಸಬಹುದು. ಅರ್ಧ ಮಕ್ಕಳು ನಾಣ್ಯವನ್ನು ನಿಜವಾಗಿ 20 ಸಲ ಚಿಮ್ಮಿ ಫಲಿತ ಬರೆಯಲಿ. ಉಳಿದರ್ಧ ನಾಣ್ಯ ಮುಟ್ಟದೆ, ಚಿಮ್ಮಿದಂತೆ ಊಹಿಸಿ ಬರೆಯಲಿ. ನೀವು ಹೊರಗೆ ನಿಂತಿದ್ದು ಬಂದು, ಪ್ರತಿ ಹಾಳೆಯಲ್ಲಿ ನಾಲ್ಕು ಶಿರ ಅಥವಾ ನಾಲ್ಕು ಪುಚ್ಛ ಒಟ್ಟಿಗಿವೆಯೇ ನೋಡಿ. ನಿಜವಾಗಿ ಚಿಮ್ಮಿದ ಹಾಳೆಯಲ್ಲಿ ಹಾಗಿರುವ ಸಂಭವ ನೂರಕ್ಕೆ 77. ಊಹಿಸಿ ಬರೆಯುವವರು ಎರಡಾದ ಮೇಲೆ, ಹೆಚ್ಚೆಂದರೆ ಮೂರಾದ ಮೇಲೆ, ಹೆದರಿ ಬದಲಿಸುತ್ತಾರೆ. ಬಂಗಾರಪೇಟೆಯ ಕಡೆಯಿಂದ ಬರುವ ಒಬ್ಬಳು ಹುಡುಗಿ ಮಾತ್ರ ಊಹಿಸಿ ಬರೆದ ಹಾಳೆಯಲ್ಲೂ ಸತತ ಐದು ಪುಚ್ಛ ಹಾಕಿದ್ದಳು. ಏಕೆ ಎಂದು ಕೇಳಿದೆ. “ನಮ್ಮಮ್ಮ ಸಂತೆಯಲ್ಲಿ ಟೊಮೆಟೊ ಮಾರುವಾಗ ಸತತ ಐದು ವಾರ ರೇಟು ಬಿದ್ದದ್ದು ನೋಡಿದ್ದೇನೆ ಸಾರ್” ಎಂದಳು.

ಇಲ್ಲಿ ಪುಸ್ತಕ ಮುಚ್ಚಿ ಇವಿಷ್ಟನ್ನು ಮಾಡಿ. ಆರು ಸಲ ಚಿಮ್ಮಿದಾಗ ಸರಿಯಾಗಿ ಎರಡು ಶಿರ. ಕನಿಷ್ಠ ಎರಡು ಶಿರ. ಎಲ್ಲೂ ಸತತ ಎರಡು ಶಿರ ಇಲ್ಲದಿರುವುದು. ಉತ್ತರ ಕ್ರಮವಾಗಿ 15/64, 57/64, 21/64 ಬರಬೇಕು.

ಬಾಕಿ ತೀರುವುದಿಲ್ಲ, ತೆಳುವಾಗುತ್ತದೆ

“ಕೊನೆಗೆ ಅರ್ಧ ಅರ್ಧ ಆಗಲೇಬೇಕಲ್ಲ, ಹಾಗಾದರೆ ನಾಲ್ಕು ಶಿರದ ಬಾಕಿಯನ್ನು ಪುಚ್ಛ ತೀರಿಸಬೇಡವೇ?” ಎಂಬುದು ಬುದ್ಧಿವಂತರ ಪ್ರಶ್ನೆ. ಲೆಕ್ಕ ಹಾಕಿ. ಮೊದಲ ನಾಲ್ಕು ಶಿರ. ಆಮೇಲೆ 996 ಸಲ ಚಿಮ್ಮಿ ಸರಿಯಾಗಿ ಅರ್ಧ, 498, ಶಿರ ಬಂತು ಎನ್ನೋಣ. ಒಟ್ಟು ಶಿರ 502, ಪುಚ್ಛ 498. ನಾಲ್ಕರ ಅಂತರ ಹಾಗೇ ಉಳಿದಿದೆ, ಆದರೂ ಶಿರದ ಪಾಲು ನೂರಕ್ಕೆ 50.2ಕ್ಕೆ ಇಳಿಯಿತು. ಯಾರೂ ಬಾಕಿ ತೀರಿಸಲಿಲ್ಲ. ಕೊಡಪಾನ ನೀರಿಗೆ ಬಿದ್ದ ಚಿಟಿಕೆ ಉಪ್ಪಿನಂತೆ ಅದು ತೆಳುವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ಕೂತಲ್ಲೇ ನಾಣ್ಯವನ್ನು 10,000 ಸಲ ಚಿಮ್ಮಿದರು. ಶಿರ ಬಿದ್ದದ್ದು 5,067. ಅರ್ಧಕ್ಕಿಂತ 67 ಹೆಚ್ಚು, ಆದರೂ ಪಾಲು ನೂರಕ್ಕೆ 50.67.

ಕೈಯಿಂದ ಚಿಮ್ಮುವ ನಾಣ್ಯ ಕೂಡ ಪೂರಾ ಸಮವಲ್ಲ. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 3,50,757 ಸಲ ಚಿಮ್ಮಿ ನೋಡಿದಾಗ, ಚಿಮ್ಮುವ ಮೊದಲು ಮೇಲಿದ್ದ ಮುಖವೇ ನೂರಕ್ಕೆ 50.8ರಷ್ಟು ಸಲ ಬಿತ್ತು. ಊರ ಕಬಡ್ಡಿಗೆ ಇದು ಲೆಕ್ಕಕ್ಕಿಲ್ಲ. ನಾಣ್ಯದ ಮೇಲೇ ಅನುಮಾನವಿದ್ದರೆ ಎರಡು ಸಲ ಚಿಮ್ಮಿ: ಶಿರ-ಪುಚ್ಛ ಬಂದರೆ ಒಂದು ತಂಡಕ್ಕೆ, ಪುಚ್ಛ-ಶಿರ ಬಂದರೆ ಇನ್ನೊಂದಕ್ಕೆ, ಎರಡೂ ಒಂದೇ ಬಂದರೆ ಮತ್ತೆ ಮೊದಲಿಂದ. ನಾಣ್ಯ ಎಷ್ಟೇ ಸೊಟ್ಟಗಿದ್ದರೂ ಈ ಎರಡು ಜೋಡಿಗಳ ಸಂಭವ ಸಮ.

ಮತ್ತೆ ಮಾವನ ತೋಪಿಗೆ

ಸಂಭವ ಅರ್ಧವಲ್ಲದಿದ್ದರೂ ವಿಧಾನ ಬದಲಾಗದು. ಮಾವ ಹೇಳಿದಂತೆ ಪ್ರತಿ ಬೋರಿಗೂ ನೀರು ಸಿಗುವ ಸಂಭವ 1/3 ಎಂದೇ ಹಿಡಿಯೋಣ. ಸಿಗದಿರುವ ಸಂಭವ 2/3. ಮೂರೂ ಬರಡಾಗುವ ಸಂಭವ 2/3 × 2/3 × 2/3 = 8/27. ಕನಿಷ್ಠ ಒಂದರಲ್ಲಿ ನೀರು ಸಿಗುವ ಸಂಭವ 19/27, ನೂರಕ್ಕೆ ಸುಮಾರು 70. ಒಂದನ್ನೂ ಕೊರೆಸುವ ಮೊದಲು ಈ ಅಂಕಿ ಸರಿ. ಎರಡು ಬರಡಾದ ಮೇಲೆ ಉಳಿದಿರುವುದು ಒಂದೇ ಬೋರು, ಅದರ ಸಂಭವ 1/3. ಮಾವನ ತಲೆಯಲ್ಲಿ ಇದ್ದದ್ದು 70. ಅವರ ಮುಂದೆ ಇದ್ದದ್ದು 33.

ಅದೂ ಬೋರುಗಳು ನಾಣ್ಯದಂತೆ ಒಂದಕ್ಕೊಂದು ಸಂಬಂಧವಿಲ್ಲದವು ಎಂದಾದರೆ. ಒಂದೇ ತೋಪಿನಲ್ಲಿ, ಒಂದೇ ಕಲ್ಲಿನ ಮೇಲೆ, ಎರಡು ಕಡೆ ಸಾವಿರ ಅಡಿ ಒಣಗಿದ್ದರೆ ಕೆಳಗಿನ ಬಂಡೆಯಲ್ಲಿ ಬಿರುಕಿಲ್ಲ ಎಂಬ ಸುದ್ದಿಯೇ ಅದು. ಆಗ ಮೂರನೆಯದರ ಸಂಭವ 1/3ಕ್ಕಿಂತಲೂ ಕಡಿಮೆ. ನಾಣ್ಯಕ್ಕೆ ನೆನಪಿಲ್ಲ, ನೆಲಕ್ಕಿದೆ, ಮತ್ತು ಅದು ನಮ್ಮ ಆಸೆಯ ವಿರುದ್ಧ ದಿಕ್ಕಿನಲ್ಲಿದೆ.

ಆ ರಾತ್ರಿ ಇದನ್ನೆಲ್ಲ ಔಷಧಿ ಚೀಟಿಯ ಹಿಂಭಾಗದಲ್ಲಿ ಬರೆದು ತೋರಿಸಿದೆ. ಮಾವ ಕೇಳಿಸಿಕೊಂಡರು, ಬೆಳಿಗ್ಗೆ ಕೊರೆಸಿದರು. ಒಂದೂವರೆ ಇಂಚು ನೀರು ಬಂತು. “ಏನಪ್ಪ ಮೇಷ್ಟ್ರೇ, ನಿನ್ನ ಲೆಕ್ಕ?” ಎಂದು ನಕ್ಕರು. ನನಗೂ ಸಂತೋಷವಾಯಿತು, ಲೆಕ್ಕವೂ ಕೆಡಲಿಲ್ಲ: ಮೂರರಲ್ಲಿ ಒಂದು ಎಂದರೆ ಸೊನ್ನೆಯಲ್ಲ. ಅದೇ ಸ್ಥಿತಿಯಲ್ಲಿದ್ದ ಮೂವರಲ್ಲಿ ನೀರು ಸಿಕ್ಕ ಒಬ್ಬರ ಕಥೆ ಊರೆಲ್ಲ ತಿರುಗುತ್ತದೆ. ಉಳಿದಿಬ್ಬರು ಬಡ್ಡಿ ಕಟ್ಟುತ್ತಾ ಸುಮ್ಮನಿರುತ್ತಾರೆ.

ಹೋದ ತಿಂಗಳು ಮಾವ ಫೋನ್ ಮಾಡಿದ್ದರು. ಆ ನೀರು ಕಡಿಮೆಯಾಗುತ್ತಿದೆಯಂತೆ, ನಾಲ್ಕನೆಯದನ್ನು ಕೊರೆಸಬೇಕೆಂದಿದ್ದಾರೆ. ಆದರೆ ಈ ಸಲ ಕಲ್ಲಿಗೆ ಕುಂಕುಮ ಹಚ್ಚುವ ಮೊದಲೇ ಕೇಳಿದರು: “ಮೂರರಲ್ಲಿ ಎರಡು ಬರಡು, ಒಂದರಲ್ಲಿ ನೀರು. ಇದನ್ನೆಲ್ಲ ಸೇರಿಸಿದರೆ ಎಷ್ಟಪ್ಪ?” ಮೂರು ಬೋರುಗಳ ಆಳ, ಜಾಗ, ಎಷ್ಟು ಅಡಿಗೆ ತೇವ ಕಂಡಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ ಮಾವ, ಕೋಲಾರದ ಅಂತರ್ಜಲ ಕಚೇರಿಗೆ ಒಟ್ಟಿಗೆ ಹೋಗೋಣ ಎಂದೆ. ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದಿದ್ದಾರೆ.